ಅತ್ತೆಗೆ ಹಿಮ ತೋರಿಸಿದ್ದು

ಜಾಕೆಟ್ ಹಾಕಿಕೊಂಡು ಒಂದು ಫೋಟೋ ತೆಗೆಸಿಕೊಂಡ ತಪ್ಪಿಗೆ ಮನುಷ್ಯ ಬೆಟ್ಟಕ್ಕೇ ಹಿಮ ಹೊರಬೇಕಾಗುತ್ತದೆ ಎಂದು ಯಾರಾದರೂ ಮೊದಲೇ ಹೇಳಿದ್ದರೆ, ನೊರ್ಬರ್ಟ್ ಅವತ್ತು ಬನಿಯನಿನಲ್ಲೇ ನಿಂತುಬಿಡುತ್ತಿದ್ದ. ಯಾರೂ ಹೇಳಲಿಲ್ಲ. ಹೇಳಬೇಕಾದ ಹೊತ್ತಿಗೆ ಎಲ್ಲರೂ ಸುಮ್ಮನಿರುವುದು ಲೋಕದ ಪದ್ಧತಿ.

ನೊರ್ಬರ್ಟ್ ಮಸ್ಕತ್ತಿನ ಮತ್ರಾದಲ್ಲಿ ಮೀನು, ಕೋಳಿ ಇಡುವ ಒಂದು ಕೋಲ್ಡ್ ಸ್ಟೋರಿನ ಇನ್‌ಚಾರ್ಜ್. ಹೊರಗೆ ನೆತ್ತಿ ಸುಡುವ ಬಿಸಿಲು, ಒಳಗೆ ಮೂಗಿನ ತುದಿ ಮರಗಟ್ಟುವ ಚಳಿ. ಒಳಗೆ ಹೋಗುವಾಗ ತೊಡಲಿಕ್ಕೆ ಕಂಪನಿಯವರು ಒಂದು ಜಾಕೆಟ್ ಕೊಟ್ಟಿದ್ದರು. ತಲೆಗೆ ಟೊಪ್ಪಿ, ಟೊಪ್ಪಿಯ ಸುತ್ತ ತುಪ್ಪಳ. ಗೋಡೆಯ ಮೇಲೂ ನೆಲದ ಮೇಲೂ ಐಸಿನ ಹುಡಿ ಬೆಳ್ಳಗೆ ಕೂತಿರುತ್ತಿತ್ತು. ವ್ಯಾನಿನ ಡ್ರೈವರ್ ಗುರುವ ಹೊಸದಾಗಿ ಕ್ಯಾಮೆರಾ ಕೊಂಡವನು, ಒಂದು ದಿನ ನೊರ್ಬರ್ಟನನ್ನು ಅಲ್ಲೇ ನಿಲ್ಲಿಸಿ ಫೋಟೋ ತೆಗೆದ. ಗುರುವ ಫೋಟೋದ ನಡುವನ್ನು ಚೆನ್ನಾಗಿ ತೆಗೆಯುತ್ತಿದ್ದ. ಅಂಚುಗಳ ಬಗ್ಗೆ ಅವನು ಅಷ್ಟು ತಲೆ ಕೆಡಿಸಿಕೊಳ್ಳುವವನಲ್ಲ. ಪ್ರಿಂಟ್ ಬಂದಾಗ ನೊರ್ಬರ್ಟ್ ಅದರಲ್ಲಿ ತನ್ನ ಮುಖವನ್ನು ಮಾತ್ರ ನೋಡಿದ. ಕೈ ಸೊಂಟದ ಮೇಲೆ, ಬಾಯಲ್ಲಿ ಬಿಳಿ ಹೊಗೆ, ಸುತ್ತ ಬಿಳಿಯೋ ಬಿಳಿ. ಇಷ್ಟು ಚೆಂದದ ಮನುಷ್ಯ ಮೀನಿನ ನಡುವೆ ನಿಂತಿದ್ದಾನೆಂದು ಹೇಳಲಿಕ್ಕೆ ಅವನಿಗೇ ಮನಸ್ಸು ಬರಲಿಲ್ಲ.

ಫೋಟೋವನ್ನು ಅವನು ಉದ್ಯಾವರದ ಅತ್ತೆ ಆಗ್ನೆಸ್ ಬಾಯಿಗೆ ಕಳಿಸಿದ. ಅದಕ್ಕೊಂದು ಕಾರಣವಿತ್ತು. ಆಗ್ನೆಸ್ ಬಾಯಿಗೆ ಇಬ್ಬರು ಅಳಿಯಂದಿರು. ಬೊಂಬಾಯಿಯ ಬ್ಯಾಂಕಿನಲ್ಲಿದ್ದ ಕಿರಿಯವನು ಮದುವೆಯಾದ ದಿನದಿಂದಲೇ 'ನಮ್ಮ ಜೂಲಿಯನ್'. ಹಿರಿಯ ಮಗಳು ಪ್ರೆಸಿಲ್ಲಾಳ ಗಂಡನಾದ ನೊರ್ಬರ್ಟ್ ಮಾತ್ರ ಇಷ್ಟು ವರ್ಷವಾದರೂ 'ಆ ಮೀನಿನ ಗೋಡೌನಿನವ'. ಒಂದು 'ನಮ್ಮ' ಎಂಬ ಮಾತಿಗಾಗಿ ಅವನು ಚಿನ್ನದ ಬಳೆ ಕೊಟ್ಟ, ಮಿಕ್ಸಿ ಕೊಟ್ಟ, ಟೂ-ಇನ್-ವನ್ ರೇಡಿಯೋ ಕೊಟ್ಟ. ಆಗ್ನೆಸ್ ಬಾಯಿ ಎಲ್ಲವನ್ನೂ ತೆಗೆದುಕೊಂಡರು. 'ನಮ್ಮ' ಮಾತ್ರ ಕೊಡಲಿಲ್ಲ.

ಆ ಕಾಲದಲ್ಲಿ ಗಲ್ಫಿನವರು ಊರಿಗೆ ಕಾಗದ ಬರೆಯುವ ಬದಲು ಕ್ಯಾಸೆಟ್ಟಿನಲ್ಲಿ ಮಾತಾಡಿ ಕಳಿಸುತ್ತಿದ್ದರು. ಫೋಟೋದ ಜೊತೆ ನೊರ್ಬರ್ಟ್ ಒಂದು ಕ್ಯಾಸೆಟ್ಟನ್ನೂ ತುಂಬಿಸಿದ.

"ಮಾಂಯ್, ಇಲ್ಲಿ ಬರೀ ಮರಳು ಅಂತ ಊರಿನವರು ತಿಳ್ಕೊಂಡಿದ್ದಾರೆ. ಸುಳ್ಳು. ನಿಜ್ವಾ ಅನ್ನುವ ಊರಿನ ಹತ್ತಿರ ಜೆಬೆಲ್ ಅಖ್ದರ್ ಅಂತ ಬೆಟ್ಟ ಉಂಟು. ಚಳಿಗಾಲ ಬಂತೂಂದ್ರೆ ಹಿಮ. ಕಾಲಿಟ್ರೆ ಮೊಣಕಾಲಿನವರೆಗೆ ಹೂತು ಹೋಗ್ತದೆ. ಅದಕ್ಕೆ ಪಾದಕ್ಕೆ ನಮ್ಮ ಅಕ್ಕಿ ಗೇರುವ ಗೆರಸೆಯ ಹಾಗಿನದ್ದು ಕಟ್ಟಿಕೊಂಡು ನಡೀಬೇಕು. ನಾನು ಶುಕ್ರವಾರ ಶುಕ್ರವಾರ ಹೋಗ್ತೇನೆ. ಆರೋಗ್ಯಕ್ಕೆ ಒಳ್ಳೇದು."

ಬೆಟ್ಟವನ್ನು ಅವನು ನಿಜ್ವಾಕ್ಕೆ ಮೀನು ಸಾಗಿಸುವಾಗ ವ್ಯಾನಿನ ಕಿಟಕಿಯಿಂದ ನೋಡಿದ್ದು ನಿಜ. ಗೆರಸೆಯನ್ನು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತಾಗ ಯಾವುದೋ ಇಂಗ್ಲಿಷ್ ಪತ್ರಿಕೆಯ ಚಿತ್ರದಲ್ಲಿ ನೋಡಿದ್ದೂ ನಿಜ. ಹೀಗೆ ಎರಡು ನಿಜಗಳನ್ನು ಸೇರಿಸಿ ಹೊಲಿದದ್ದು ಮಾತ್ರ ಅವನ ಕೈಕೆಲಸ.

ಮರುಕ್ಯಾಸೆಟ್ ಬಂತು. ಮೊದಲ ಮಾತೇ "ನಮ್ಮ ನೊರ್ಬರ್ಟಿಗೆ ಮಾಂಯ್ ಮಾಡುವ ಆಶೀರ್ವಾದ." ನೊರ್ಬರ್ಟ್ ಅದನ್ನು ತಿರುಗಿಸಿ ತಿರುಗಿಸಿ ಕೇಳಿದ. ಟೇಪು ಜಗ್ಗಿ, ಕೊನೆಕೊನೆಗೆ ಅತ್ತೆಯ ಧ್ವನಿ ಗಂಡಸಿನ ಧ್ವನಿಯಾಯಿತು. ಆ ಸಂಭ್ರಮದಲ್ಲಿ ಮುಂದಿನದ್ದನ್ನು ಅವನು ಕೇಳಿಸಿಕೊಂಡಿರಲೇ ಇಲ್ಲ. ಕೇಳಿಸಿಕೊಂಡವಳು ಪ್ರೆಸಿಲ್ಲಾ.

"ಕೇಳಿದ್ರಾ? ಅಮ್ಮ ಬರ್ತಾಳಂತೆ."

"ಬರ್ಲಿ. ಸಂತೋಷ."

"ಹಿಮ ನೋಡ್ಲಿಕ್ಕೆ ಬರ್ತಾಳಂತೆ."

ನೊರ್ಬರ್ಟ್ ಟೇಪನ್ನು ಹಿಂದಕ್ಕೆ ತಿರುಗಿಸಿ, ಈ ಸಲ ಕೊನೆಯವರೆಗೂ ಕೇಳಿದ.

ಆದದ್ದು ಇಷ್ಟು. ಆಗ್ನೆಸ್ ಬಾಯಿ ಆ ಫೋಟೋಕ್ಕೆ ಕಟ್ಟು ಹಾಕಿಸಿ ಮನೆಯ ದೇವರ ಅಲ್ತಾರಿನ ಪಕ್ಕದಲ್ಲಿ ತೂಗುಹಾಕಿದ್ದರು. ನೆರೆಮನೆಯ ಗ್ರೆಟ್ಟಾ ಬಾಯಿ ಅದನ್ನು ನೋಡಿ, "ಮರಳುಗಾಡಿನಲ್ಲಿ ಹಿಮವಾ? ಯಾರ ಕಿವಿಗೆ ಹೂ ಇಡ್ತೀರಿ ಬಾಯಿ?" ಎಂದರು. ಮಾತಿಗೆ ಮಾತು ಬೆಳೆದು, ಆದಿತ್ಯವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಾಲ್ಕು ಜನರ ಮುಂದೆ ಆಗ್ನೆಸ್ ಬಾಯಿ ಹೇಳಿಬಿಟ್ಟರು: "ನಾನೇ ಹೋಗಿ, ಆ ಹಿಮದ ಮೇಲೆ ನಿಂತು ಫೋಟೋ ತೆಗೆಸಿಕೊಂಡು ಬರ್ತೇನೆ. ತಾರದಿದ್ರೆ ನನ್ನ ಬೆಂಚು ನಿನಗೆ." ಬೆಂಚು ಎಂದರೆ ಇಗರ್ಜಿಯ ಮುಂದಿನ ಸಾಲಿನದು. ಅವರ ಅತ್ತೆ ಕೂತದ್ದು, ಅತ್ತೆಯ ಅತ್ತೆ ಕೂತದ್ದು. ಪಾದ್ರಿಗಳು ಬದಲಾಗಿದ್ದರು, ಆ ಬೆಂಚಿನಲ್ಲಿ ಕೂರುವವರು ಬದಲಾಗಿರಲಿಲ್ಲ.

"ಈಗ ಎಂತ ಮಾಡುವುದು?" ಎಂದು ನೊರ್ಬರ್ಟ್ ಹೆಂಡತಿಯನ್ನು ಕೇಳಿದ.

"ನೀವುಂಟು, ನಿಮ್ಮ ಹಿಮ ಉಂಟು," ಎಂದು ಪ್ರೆಸಿಲ್ಲಾ ಅಡುಗೆಮನೆಗೆ ನಡೆದಳು.

ಅಂಥ ಹೊತ್ತಿಗೆ ಮನುಷ್ಯನಿಗೆ ಕೆಳಮನೆ ಎಂಬುದೊಂದು ಇರಬೇಕು. ಕೆಳಮನೆಯಲ್ಲಿ ಕಾಪುವಿನ ಪೂವಪ್ಪಣ್ಣನೂ ಅವರ ಹೆಂಡತಿ ಉಮಾವತಿಯೂ ಇದ್ದರು. ಪೂವಪ್ಪಣ್ಣ ರಸ್ತೆ ಕಂತ್ರಾಟಿನ ಆಫೀಸಿನಲ್ಲಿ ಗುಮಾಸ್ತ. ರಸ್ತೆಯ ಆಫೀಸಿನವರೆಂದ ಮೇಲೆ ಒಮಾನಿನ ಎಲ್ಲ ರಸ್ತೆಗಳೂ ಅವರನ್ನು ಕೇಳಿಯೇ ತಿರುಗುತ್ತವೆ ಎಂಬುದು ಬಿಲ್ಡಿಂಗಿನವರ ನಂಬಿಕೆ. ಪೂವಪ್ಪಣ್ಣ ಆ ನಂಬಿಕೆಗೆ ಎಂದೂ ಅಡ್ಡ ಬಂದವರಲ್ಲ. ಅವರು ಆಫೀಸಿನಿಂದ ದೊಡ್ಡದೊಂದು ನಕಾಶೆ ತಂದು ನೆಲದ ಮೇಲೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಚಾ ಗ್ಲಾಸು ಇಟ್ಟರು.

"ನೋಡಿ ನೊರ್ಬರ್ಟ್ ಪೊರ್ಬುಗಳೇ, ಹಿಮದ ಹಾದಿ ಅಂದ್ರೆ ಸುಮ್ಮನೆ ಅಲ್ಲ. ಪ್ಲಾನ್ ಬೇಕು. ಮೊದಲು ಗಾಡಿ ಎಲ್ಲಿಯವರೆಗೆ ಹೋಗ್ತದೆ? ಎರಡನೇದು, ಅಲ್ಲಿಂದ ನಡೆಯುವವರು ಯಾರು? ಮೂರನೇದು..."

"ಮೂರನೇದು ಹಿಮ ಉಂಟಾ ಅಂತ," ಎಂದರು ಉಮಾವತಿ ಅಕ್ಕ.

"ಅದು ಕೊನೆಗೆ. ಮೊದಲೇ ಅದನ್ನು ಕೇಳಿದ್ರೆ ಪ್ಲಾನ್ ಮಾಡ್ಲಿಕ್ಕೆ ಎಂತ ಉಳೀತದೆ?"

ಹೀಗೆ ಹಿಮವನ್ನೇ ಕಾಣದ ಕಡಲತಡಿಯ ಮೂವರು ಹಿಮದ ಮೇಲೆ ಚರ್ಚೆಗೆ ಕೂತರು. ಹಿಮ ಬೀಳುವಾಗ ಶಬ್ದ ಬರುತ್ತದೆಯೇ? ಕೊಡೆ ಹಿಡಿಯಬೇಕೇ? ಪಾಚಿ ಕಟ್ಟಿದ ಬಾವಿಕಟ್ಟೆಯ ಹಾಗೆ ಜಾರುತ್ತದೋ, ಹೊಯಿಗೆಯ ಹಾಗೆ ಹೂತುಕೊಳ್ಳುತ್ತದೋ? ವಿದೇಶದವರು ಕಾಲಿಗೆ ಉದ್ದದ ಹಲಗೆ ಕಟ್ಟಿಕೊಂಡು ಜಾರುವುದನ್ನು ಪೂವಪ್ಪಣ್ಣ ಟೀವಿಯಲ್ಲಿ ನೋಡಿದ್ದರು. ಅತ್ತೆಗೂ ಹಲಗೆಯೇ ಆಗಲಿ ಎಂದು ಅವರು ಹೇಳಿದಾಗ ಉಮಾವತಿ ಅಕ್ಕ ಸಿಡಿದರು. "ಆ ಪ್ರಾಯದ ಹೆಂಗಸನ್ನು ಹಲಗೆಯ ಮೇಲೆ ಬೆಟ್ಟದಿಂದ ಬಿಡುವುದಾ? ನಿಮ್ಮ ಅಮ್ಮನನ್ನು ಬಿಡಿ ಮೊದಲು!"

ನಕಾಶೆಯಲ್ಲಿ ಬೆಟ್ಟ ಸಿಕ್ಕಿತು. ಬೆಟ್ಟದ ಬುಡದಲ್ಲಿ ಸೈನ್ಯದ ಚೆಕ್‌ಪೋಸ್ಟೂ ಸಿಕ್ಕಿತು. ಆಗೆಲ್ಲ ಜೆಬೆಲ್ ಅಖ್ದರಿಗೆ ಪರ್ಮಿಟ್ ಇಲ್ಲದೆ ಬಿಡುತ್ತಿರಲಿಲ್ಲ. ನಾಲ್ಕು ಚಕ್ರವೂ ಎಳೆಯುವ ಗಾಡಿ ಇಲ್ಲದಿದ್ದರೆ ಪರ್ಮಿಟ್ಟೂ ಕೊಡುತ್ತಿರಲಿಲ್ಲ.

ಪರ್ಮಿಟ್ಟಿನ ಆಫೀಸಿನಲ್ಲಿ ದಿಶ್ದಾಶ ಎಂಬ ಬಿಳಿ ನಿಲುವಂಗಿ ತೊಟ್ಟ ಒಬ್ಬ ಹಿರಿಯ ಅಧಿಕಾರಿ ಖರ್ಜೂರ ತಿನ್ನುತ್ತ ಕೂತಿದ್ದರು. ಬೊಂಬಾಯಿಯಲ್ಲಿ ವ್ಯಾಪಾರ ಮಾಡಿದವರು, ಹಿಂದಿ ನೊರ್ಬರ್ಟನಿಗಿಂತ ಚೆನ್ನಾಗಿತ್ತು.

"ಬೆಟ್ಟಕ್ಕೆ ಯಾಕೆ?"

"ಹಿಮ ನೋಡಲಿಕ್ಕೆ, ಸಾಬ್."

ಅಧಿಕಾರಿ ಖರ್ಜೂರ ನಿಲ್ಲಿಸಿದರು. "ನಾನು ಹುಟ್ಟಿದ್ದು ಅದೇ ಬೆಟ್ಟದಲ್ಲಿ. ಹಿಮ ಬಿದ್ದದ್ದು ನೋಡಿದ್ದೇನೆ. ಆದರೆ ಅದು ಯಾರನ್ನೂ ಕೇಳಿ ಬೀಳುವುದಿಲ್ಲ. ನಿನಗೆ ಯಾವತ್ತು ಬೇಕು?"

"ಬರುವ ತಿಂಗಳ ಮೊದಲ ಶುಕ್ರವಾರ."

"ಇನ್ಶಾ ಅಲ್ಲಾ," ಎಂದು ಅಧಿಕಾರಿ ಇನ್ನೊಂದು ಖರ್ಜೂರ ಬಾಯಿಗೆ ಹಾಕಿಕೊಂಡರು. "ಯಾರಿಗೆ ಇದೆಲ್ಲ?"

"ಅತ್ತೆಗೆ."

ಅಧಿಕಾರಿ ಖರ್ಜೂರದ ತಟ್ಟೆಯನ್ನು ನೊರ್ಬರ್ಟನ ಕಡೆ ಸರಿಸಿದರು. ಅವರಿಗೂ ಅತ್ತೆ ಇದ್ದಿರಬೇಕು. ಆದರೆ ಗಾಡಿ ಯಾವುದೆಂದು ಕೇಳಿ, ಮೀನಿನ ವ್ಯಾನೆಂದು ಗೊತ್ತಾದ ಮೇಲೆ ಕೈ ಕೊಡವಿದರು. "ಖಲಾಸ್. ಅದು ಹತ್ತುವುದಿಲ್ಲ. ಚೆಕ್‌ಪೋಸ್ಟಿನವರೆಗೆ ಹೋಗು, ಬೆಟ್ಟವನ್ನು ಕೆಳಗಿನಿಂದ ತೋರಿಸು, ಬಾ."

ಆಗ್ನೆಸ್ ಬಾಯಿ ಸೀಬ್ ವಿಮಾನ ನಿಲ್ದಾಣದಲ್ಲಿ ಇಳಿದಾಗ ಜನವರಿಯ ಹಿತವಾದ ಬಿಸಿಲು. ಅವರು ಎರಡು ಸ್ವೆಟರು, ಒಂದು ಮಂಕಿ ಕ್ಯಾಪು ಹಾಕಿಕೊಂಡಿದ್ದರು. ಕಸ್ಟಮ್ಸಿನವನು ಅವರ ಗಂಟು ಬಿಚ್ಚಿಸಿದ. ಉಪ್ಪಿನಕಾಯಿ, ಹಪ್ಪಳ, ಒಣಮೀನು ಎಲ್ಲ ಅವನಿಗೆ ಗೊತ್ತಿದ್ದದ್ದೇ. ಅಡಿಯಲ್ಲಿ ನಾಲ್ಕು ಹೊಸ ಗೆರಸೆಗಳಿದ್ದವು. ಬೆತ್ತದ ಅಂಚು, ಸೆಗಣಿ ಸಾರಿಸಿ ಒಣಗಿಸಿದ್ದು, ಒಂದೊಂದರ ನಡುವೆಯೂ ಪಾದಕ್ಕೆ ಕಟ್ಟಲು ಬಟ್ಟೆಯ ಪಟ್ಟಿ ಹೊಲಿದದ್ದು.

"ಇದೇನು?" ಎಂದು ಅವನು ಹಿಂದಿಯಲ್ಲಿ ಕೇಳಿದ.

"ಚಪ್ಪಲಿ," ಎಂದರು ಆಗ್ನೆಸ್ ಬಾಯಿ.

ಅವನು ಒಂದನ್ನು ಎತ್ತಿ ಹಿಡಿದು ಅದರ ಹಿಂದಿನಿಂದ ಆಗ್ನೆಸ್ ಬಾಯಿಯ ಪಾದಗಳನ್ನು ನೋಡಿದ. ಪಕ್ಕದವನನ್ನು ಕರೆದು ಅವನಿಗೂ ತೋರಿಸಿದ. ಕೊನೆಗೆ "ಯಲ್ಲಾ, ಯಲ್ಲಾ, ಹೋಗಿ" ಎಂದು ಎಲ್ಲವನ್ನೂ ಅವನೇ ಕಟ್ಟಿಕೊಟ್ಟ.

ಹೊರಗೆ ಬಂದವರೇ ಆಗ್ನೆಸ್ ಬಾಯಿ ಅಳಿಯನ ತಲೆ ಸವರಿ, "ನಮ್ಮ ನೊರ್ಬರ್ಟ್ ಬಡವಾಗಿದ್ದಾನೆ," ಎಂದರು. ನೊರ್ಬರ್ಟನ ಕಣ್ಣಲ್ಲಿ ನೀರು ಬಂತು. ಇದನ್ನು ಕಳೆದುಕೊಳ್ಳುವುದೆಂದರೆ ಜೀವವನ್ನೇ ಕಳೆದುಕೊಂಡ ಹಾಗೆ ಎಂದುಕೊಂಡ. ಆ ಗಳಿಗೆಯಲ್ಲೇ ಅವನ ತಲೆಯಲ್ಲೊಂದು ವಿಚಾರ ಹುಟ್ಟಿತು. ಅವನ ತಲೆಯಲ್ಲಿ ವಿಚಾರ ಹುಟ್ಟುವುದು ಅಪರೂಪ. ಹುಟ್ಟಿದ್ದನ್ನು ಯಾರಿಂದಲೂ ತಡೆಯಲಾಗುತ್ತಿರಲಿಲ್ಲ.

"ಅತ್ತೆ ಹಿಮಕ್ಕೆ ಹೋಗಲಾಗದಿದ್ದರೆ ಹಿಮವೇ ಅತ್ತೆಯ ಹತ್ತಿರ ಬರ್ಲಿ," ಎಂದು ಅವನು ಪೂವಪ್ಪಣ್ಣನಿಗೆ ಹೇಳಿದ. ಮೀನಿನ ಮೇಲೆ ಸುರಿಯಲು ಕೋಲ್ಡ್ ಸ್ಟೋರಿನಲ್ಲಿ ಹುಡಿ ಐಸು ಮಾಡುವ ಮೆಷಿನು ಇತ್ತಲ್ಲ. ಮಿಕ್ಕಿದ ಐಸನ್ನು ವಾರದ ಕೊನೆಗೆ ಹೇಗೂ ಹೊರಗೆ ಚೆಲ್ಲುವುದೇ. ಗುರುವ ಅದನ್ನು ವ್ಯಾನಿಗೆ ತುಂಬಿ ಶುಕ್ರವಾರ ಬೆಳಗ್ಗೆ ಮುಂದಾಗಿ ಹೋಗಬೇಕು. ಚೆಕ್‌ಪೋಸ್ಟಿನ ಈಚೆ, ಬೆಟ್ಟದ ನೆರಳು ಬೀಳುವ ಒಣಹಳ್ಳದ ದಡದಲ್ಲಿ ಹರಡಬೇಕು. ಹಿಂದಿನಿಂದ ಪೂವಪ್ಪಣ್ಣನ ಕಾರಿನಲ್ಲಿ ಅತ್ತೆ. ಫೋಟೋ ಕ್ಲಿಕ್. ಬೆಂಚು ಉಳಿಯಿತು.

ಪೂವಪ್ಪಣ್ಣ ನಕಾಶೆಯನ್ನು ಮತ್ತೆ ಹಾಸಿದರು. "ಇದು ಪ್ಲಾನ್!" ಎಂದರು.

"ಐಸು ಮೀನಿನ ಕೋಣೆಯದ್ದಾ, ಕೋಳಿಯ ಕೋಣೆಯದ್ದಾ?" ಎಂದು ಉಮಾವತಿ ಅಕ್ಕ ಕೇಳಿದರು.

"ಮೀನಿನದ್ದು. ಯಾಕೆ?"

"ಸುಮ್ಮನೆ ಕೇಳಿದೆ."

ದೊಡ್ಡ ಯೋಜನೆಗಳಲ್ಲಿ ಇಂಥ ಸಣ್ಣ ಪ್ರಶ್ನೆಗಳಿಗೆ ಯಾರೂ ಬೆಲೆ ಕೊಡುವುದಿಲ್ಲ.

ಶುಕ್ರವಾರ ಅವರು ಆ ಹಳ್ಳದ ಹತ್ತಿರ ತಲುಪಿದಾಗ ಚಳಿ ಚೆನ್ನಾಗಿಯೇ ಇತ್ತು. ಬೆಟ್ಟದ ತಲೆ ಮೋಡದಲ್ಲಿ ಮುಳುಗಿ ಕಾಣುತ್ತಿರಲಿಲ್ಲ. ಕೆಳಗೆ, ಬೂದು ಬಣ್ಣದ ಕಲ್ಲುಗಳ ನಡುವೆ, ಅಂಗಳದಷ್ಟು ಅಗಲಕ್ಕೆ ಬೆಳ್ಳಗೆ ಹಿಮ! ಗುರುವ ಕೆಲಸವನ್ನು ಅಚ್ಚುಕಟ್ಟಾಗಿ ಮಾಡಿದ್ದ. ನಾಲ್ಕೂ ಕಡೆ ಅಂಚು ಹಿಡಿದು ಚೌಕಾಕಾರವಾಗಿ ಹರಡಿದ್ದ, ಭತ್ತ ಒಣಗಿಸಲು ಹಾಕಿದ ಹಾಗೆ.

"ಹಿಮ ಚೌಕವಾಗಿ ಬೀಳ್ತದಾ?" ಎಂದರು ಆಗ್ನೆಸ್ ಬಾಯಿ.

"ಈ ದೇಶದಲ್ಲಿ ಎಲ್ಲದಕ್ಕೂ ರೂಲ್ಸು, ಅಮ್ಮ," ಎಂದರು ಪೂವಪ್ಪಣ್ಣ.

ಆಗ್ನೆಸ್ ಬಾಯಿ ಕಲ್ಲಿನ ಮೇಲೆ ಕೂತು ಎರಡೂ ಪಾದಕ್ಕೆ ಗೆರಸೆ ಕಟ್ಟಿಕೊಂಡರು. ಉಳಿದ ಜೋಡಿಯನ್ನು ನೊರ್ಬರ್ಟನ ಕಾಲಿಗೆ ಅವರೇ ಕಟ್ಟಿದರು. ಶುಕ್ರವಾರ ಶುಕ್ರವಾರ ನಡೆಯುವವನು ನಡೆದು ತೋರಿಸಬೇಕಲ್ಲ. ನೊರ್ಬರ್ಟ್ ಮೊದಲ ಹೆಜ್ಜೆಯಲ್ಲಿ ತನ್ನದೇ ಗೆರಸೆಯನ್ನು ಮೆಟ್ಟಿದ, ಎರಡನೆಯದರಲ್ಲಿ ಮುಗ್ಗರಿಸಿದ. ಆಗ್ನೆಸ್ ಬಾಯಿ ಬಾತುಕೋಳಿಯ ಹಾಗೆ ಕಾಲು ಅಗಲ ಮಾಡಿ, ಸೀರೆ ಎತ್ತಿ ಹಿಡಿದು, ಹಿಮದ ನಡುವಿಗೆ ಸಲೀಸಾಗಿ ನಡೆದುಹೋದರು. ಅಲ್ಲಿ ನಿಂತು ಮೂಗು ಏರಿಸಿದರು. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಮೂಸಿದರು. ಕಡಲತಡಿಯಲ್ಲಿ ಹುಟ್ಟಿ ಬೆಳೆದ ಮೂಗು.

ನೊರ್ಬರ್ಟ್ ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ನೋಡಿದ.

"ಬಂಗುಡೆ," ಎಂದರು ಆಗ್ನೆಸ್ ಬಾಯಿ. ಮತ್ತೊಮ್ಮೆ ಮೂಸಿ, "ಸ್ವಲ್ಪ ಬೂತಾಯಿಯೂ ಉಂಟು," ಎಂದರು.

ಅದಕ್ಕೆ ಉತ್ತರ ಹುಡುಕುವಷ್ಟರಲ್ಲಿ ಹಳ್ಳದ ಆಚೆಯಿಂದ ಆಡುಗಳು ಬಂದವು. ಒಮಾನಿನ ಆಡುಗಳಿಗೆ ಹುಲ್ಲಿಗಿಂತ ಒಣ ಬೂತಾಯಿ ತಿಂದೇ ಅಭ್ಯಾಸ. ಮೀನಿನ ವಾಸನೆ ಅವುಗಳಿಗೆ ಊಟದ ಗಂಟೆ. ಒಂದು ಬಂತು, ನೆಕ್ಕಿತು, ತಲೆಯೆತ್ತಿ ಕೂಗಿ ಉಳಿದವನ್ನೂ ಕರೆಯಿತು. ನೋಡುತ್ತಿದ್ದಂತೆ ಹಿಮದ ತುಂಬ ಆಡು. ಒಂದು ಗಡ್ಡದ ಹೋತ ಹಿಮ ಬಿಟ್ಟು ನೊರ್ಬರ್ಟನ ಎಡಗಾಲಿನ ಗೆರಸೆಯನ್ನೇ ತಿನ್ನಲು ಹಿಡಿಯಿತು. "ಹಚಾ! ಹಚಾ!" ಎಂದು ಪೂವಪ್ಪಣ್ಣ ತುಳುವಿನಲ್ಲಿ ಓಡಿಸಿದರು. ಅರಬಿ ಆಡುಗಳಿಗೆ ಅದು ಅರ್ಥವಾಗಲಿಲ್ಲ.

"ಮಾಂಯ್," ಎಂದ ನೊರ್ಬರ್ಟ್. ಒಂದು ಕಾಲು ಹೋತದ ಬಾಯಲ್ಲಿ, ಇನ್ನೊಂದು ಐಸಿನಲ್ಲಿ. "ಮಾಂಯ್, ನಾನೊಂದು ಮಾತು ಹೇಳಬೇಕು. ಆ ಫೋಟೋ..."

"ಅಂಜಲ್ ಮೀನಿನ ಬಾಲ," ಎಂದರು ಆಗ್ನೆಸ್ ಬಾಯಿ.

"ಎಂತ?"

"ಫೋಟೋದ ಮೂಲೆಯಲ್ಲಿ. ಇಷ್ಟುದ್ದ. ಕತ್ತರಿ ತಗೊಂಡು ಕತ್ತರಿಸಿ ಕಟ್ಟು ಹಾಕಿಸಿದವಳು ನಾನೇ. ಗ್ರೆಟ್ಟಾ ನೋಡಿದ್ರೆ ನನ್ನ ಮಾನ ಉಳೀತಿತ್ತಾ?"

ನೊರ್ಬರ್ಟ್ ಬಾಯಿ ತೆರೆದ. ಹೊಗೆ ಕೂಡ ಬರಲಿಲ್ಲ.

"ಗೊತ್ತಿದ್ದೂ ಬೆಂಚು ಪಣಕ್ಕಿಟ್ರಾ?"

"ಮೀನಿನ ಕೋಣೆಯಲ್ಲಿ ಅಷ್ಟು ಚೆಂದದ ಹಿಮ ಮಾಡಿದವನಿಗೆ ಬೆಟ್ಟದಲ್ಲಿ ಮಾಡ್ಲಿಕ್ಕೆ ಕಷ್ಟವಾ ಅಂತ ಬಂದೆ. ಆ ಜೂಲಿಯನ್ ಇಷ್ಟು ವರ್ಷದಲ್ಲಿ ನನ್ನನ್ನು ಮೆಚ್ಚಿಸ್ಲಿಕ್ಕೆ ಒಂದು ಸುಳ್ಳಾದ್ರೂ ಹೇಳಿದ್ದುಂಟಾ? ಒಂದು ಗಡಿಯಾರ ಕೊಟ್ಟು ಕೂತ." ಅವರು ಸೆರಗು ಸರಿಮಾಡಿಕೊಂಡರು. "ಗುರುವ, ಈ ಸಲ ಮೂಲೆ ನೋಡಿ ತೆಗಿ. ಆಡು ಬಂದ್ರೆ ಬರ್ಲಿ, ಮೀನು ಬರಬಾರದು."

ಗುರುವ ಕ್ಲಿಕ್ಕಿಸಿದ. ಕೂತು, ನಿಂತು, ಮಂಕಿ ಕ್ಯಾಪು ಹಾಕಿ, ತೆಗೆದು. ಕೊನೆಯದರಲ್ಲಿ ಅತ್ತೆ ಅಳಿಯನ ಹೆಗಲ ಮೇಲೆ ಕೈ ಇಟ್ಟಿದ್ದರು, ಹೋತ ಗೆರಸೆ ಬಿಟ್ಟು ಕ್ಯಾಮೆರಾ ನೋಡುತ್ತಿತ್ತು. "ರೀಲು ಖಲಾಸ್," ಎಂದ ಗುರುವ.

ಸರಿಯಾಗಿ ಆಗಲೇ ಬೆಟ್ಟದ ಕಡೆಯಿಂದ ಸೈನ್ಯದ ಗಾಡಿಯೊಂದು ಇಳಿದು ಬಂದು ಪಕ್ಕದಲ್ಲಿ ನಿಂತಿತು. ಒಳಗಿನಿಂದ ಇಬ್ಬರು ಸೈನಿಕರು ಇಳಿದರು. ಚೌಕದ ಹಿಮ ನೋಡಿದರು, ಆಡು ನೋಡಿದರು, ಮೀನಿನ ವ್ಯಾನು ನೋಡಿದರು. ಕೊನೆಗೆ ಗೆರಸೆ ತೊಟ್ಟ ಪಾದಗಳನ್ನು ನೋಡಿದರು. ಜೈಲೆಂದರೆ ಹೇಗಿರುತ್ತದೆ, ಅಲ್ಲಿ ಮೀನು ಕೊಡುತ್ತಾರೆಯೇ ಎಂದು ನೊರ್ಬರ್ಟ್ ಯೋಚಿಸತೊಡಗಿದ.

"ಇದೇನು?" ಎಂದ ಹಿರಿಯ ಸೈನಿಕ ಹಿಂದಿಯಲ್ಲಿ.

"ಹಿಮ, ಸಾಬ್," ಎಂದ ನೊರ್ಬರ್ಟ್. "ಅತ್ತೆಗೆ."

ಸೈನಿಕ ತಮ್ಮ ಗಾಡಿಯ ಕಡೆ ತಿರುಗಿ ನೋಡಿದ. ಆಗ ಎಲ್ಲರೂ ನೋಡಿದರು. ಗಾಡಿಯ ಬಾನೆಟ್ಟಿನ ಮೇಲೆ, ಹಿಂದಿನ ತೊಟ್ಟಿಯಲ್ಲಿ, ಬೆಳ್ಳಗೆ ಗುಡ್ಡೆ ಗುಡ್ಡೆ.

"ನಿನ್ನೆಯಿಂದ ಮೇಲೆ ಬೀಳುತ್ತಿದೆ. ಎಷ್ಟೋ ವರ್ಷದ ಮೇಲೆ. ರಸ್ತೆಯೇ ಬಂದ್. ಮಕ್ಕಳಿಗೆ ತೋರಿಸಲು ನಿಜ್ವಾಕ್ಕೆ ಒಯ್ಯುತ್ತಿದ್ದೇವೆ," ಎಂದ ಸೈನಿಕ. ಹೇಳುತ್ತ ಹೇಳುತ್ತ ಅವನ ಹೊಟ್ಟೆ ಅಲುಗತೊಡಗಿತು. ಇನ್ನೊಬ್ಬನು ಗಾಡಿಗೆ ಒರಗಿಕೊಂಡು ನಕ್ಕ. ಹಿಮ ಬಿದ್ದ ಬೆಟ್ಟದ ಬುಡಕ್ಕೆ ಮತ್ರಾದಿಂದ ಐಸು ಹೊತ್ತು ತಂದವನನ್ನು ಅವರು ಹಿಂದೆ ನೋಡಿರಲಿಲ್ಲ; ಮುಂದೆಯೂ ನೋಡಿರಲಾರರು.

ಹಿರಿಯ ಸೈನಿಕ ಬಾನೆಟ್ಟಿನಿಂದ ಎರಡು ಕೈ ತುಂಬ ಹಿಮ ಬಾಚಿ ಆಗ್ನೆಸ್ ಬಾಯಿಯ ಕೈಗೆ ಇಟ್ಟ. ಅವರು ಅದನ್ನು ಮೂಸಿದರು. ತಿರುಗಿಸಿ ನೋಡಿದರು. ಮತ್ತೆ ಮೂಸಿದರು.

"ಇದಕ್ಕೆ ಎಂತ ವಾಸನೆಯೂ ಇಲ್ಲ."

"ಇದು ಅಸಲಿ, ಮಾಂಯ್!" ನೊರ್ಬರ್ಟ್ ಅಳುವ ಧ್ವನಿಯಲ್ಲಿ ಹೇಳಿದ. "ಗುರುವ, ಫೋಟೋ, ಫೋಟೋ!"

"ರೀಲು ಖಲಾಸ್ ಅಂತ ಹೇಳಿದೆನಲ್ಲ," ಎಂದ ಗುರುವ.

ಚಾ ತಂದಿದ್ದ ಫ್ಲಾಸ್ಕನ್ನು ಖಾಲಿ ಮಾಡಿ, ತೊಳೆದು, ಆಗ್ನೆಸ್ ಬಾಯಿ ಆ ಹಿಮವನ್ನು ಅದರೊಳಗೆ ತುಂಬಿಸಿ ಮುಚ್ಚಳ ಬಿಗಿದರು. ಊರಿಗೆ ಹೊರಡುವವರೆಗೂ ಅದು ಪ್ರೆಸಿಲ್ಲಾಳ ಫ್ರಿಜ್ಜಿನಲ್ಲಿ ಕೂತಿತ್ತು. ಯಾರೂ ತೆರೆಯುವಂತಿರಲಿಲ್ಲ.

ಈಸ್ಟರ್ ಕಳೆದ ಮೇಲೆ ಕ್ಯಾಸೆಟ್ ಬಂತು. ಗಂಡ ಹೆಂಡತಿ, ಪೂವಪ್ಪಣ್ಣ, ಉಮಾವತಿ ಅಕ್ಕ, ಗುರುವ, ಎಲ್ಲರೂ ಟೇಪ್‌ರೆಕಾರ್ಡರಿನ ಸುತ್ತ ಕೂತರು.

"ನಮ್ಮ ನೊರ್ಬರ್ಟಿಗೆ ಮಾಂಯ್ ಮಾಡುವ ಆಶೀರ್ವಾದ. ಫೋಟೋ ಗ್ರೆಟ್ಟಾಳಿಗೆ ತೋರಿಸಿದೆ. ಕನ್ನಡಕ ಹಾಕಿ ನೋಡಿದಳು, ತೆಗೆದು ನೋಡಿದಳು. ಹಿಮದಲ್ಲಿ ಆಡು ಯಾಕೆ ಅಂತ ಕೇಳಿದಳು. ಹಿಮದಲ್ಲಿ ಆಡು ಇಲ್ಲದಿದ್ರೆ ಸ್ವೆಟರಿಗೆ ಉಣ್ಣೆ ಎಲ್ಲಿಂದ ಬರ್ತದೆ ಅಂತ ಕೇಳಿದೆ. ಬಾಯಿ ಮುಚ್ಚಿದಳು. ಬೆಂಚು ಉಳೀತು. ಆಮೇಲೆ ಆ ಫ್ಲಾಸ್ಕು ತೆಗೆದು, ಇದು ಅದೇ ಬೆಟ್ಟದ ಅಸಲಿ ಹಿಮ, ಈಗ ಕರಗಿದೆ ಅಂದೆ. ಮೂಸಿ ನೋಡಿ, ಇದು ನಿಮ್ಮ ಬಾವಿ ನೀರು, ಯಾರ ಕಿವಿಗೆ ಹೂ ಇಡ್ತೀರಿ ಬಾಯಿ ಅಂದಳು."

ಟೇಪಿನಲ್ಲಿ ಸ್ವಲ್ಪ ಹೊತ್ತು ಗರಗರ ಸದ್ದು. ಹಿನ್ನೆಲೆಯಲ್ಲಿ ಕೋಳಿ ಕೂಗಿತು.

"ಮತ್ತೆ ಒಂದು ವಿಷಯ. ಗ್ರೆಟ್ಟಾಳಿಗೆ ಹೊಟ್ಟೆಕಿಚ್ಚು ತಡೀಲಿಕ್ಕಾಗುವುದಿಲ್ಲ. ಬರುವ ಚಳಿಗಾಲಕ್ಕೆ ಅವಳೂ ಬರ್ತಾಳಂತೆ, ಹಿಮದ ಮೇಲೆ ನಿಲ್ಲಬೇಕಂತೆ. ಬಾ, ನಮ್ಮ ನೊರ್ಬರ್ಟ್ ತೋರಿಸ್ತಾನೆ ಅಂತ ಮಾತು ಕೊಟ್ಟಿದ್ದೇನೆ. ಅವಳ ಮೂಗು ನನ್ನದಕ್ಕಿಂತ ಚುರುಕು ಮಗಾ. ಜಾಗ್ರತೆ."

ಕ್ಯಾಸೆಟ್ ಟಕ್ಕೆಂದು ನಿಂತಿತು. ಪೂವಪ್ಪಣ್ಣ ಎದ್ದು ಕೆಳಗೆ ಹೋದರು, ನಕಾಶೆ ತರಲಿಕ್ಕೆ. ನೊರ್ಬರ್ಟ್ ಗುರುವನ ಕಡೆ ತಿರುಗಿದ.

"ಗುರುವ, ಆ ಕೋಳಿಯ ಕೋಣೆಯಲ್ಲಿ ಐಸು ಎಷ್ಟು ಸಿಗಬಹುದು ಮಾರಾಯ?"